ಗೊತ್ತಿಲ್ಲ ಎಂಬ ಮಾತು

ಹಾಪ್ಸಲುವಿನಲ್ಲಿ ಕಡಲು ಕಲ್ಲಾಗಿದೆ.
ಫೆಬ್ರವರಿಯ ಕೊನೆಯ ವಾರ.
ಮಂಜುಗಡ್ಡೆಯ ಮೇಲೆ ರಸ್ತೆ,
ಬದಿಗೆ ಗುರುತಿಗೆಂದು ನೆಟ್ಟ ಜುನಿಪರ್ ಟೊಂಗೆ,
ಆಚೆ ದಡಕ್ಕೆ ಬ್ರೆಡ್ಡು ಒಯ್ಯುವ ಊಲೋನ ವ್ಯಾನು.

ರಸ್ತೆ ಕಚೇರಿಯ ಮೇಲ್ಮಹಡಿಯಲ್ಲಿ ವೈಕೆ.
ಅಜ್ಜಿಯ ಹೆಸರು; ಅವರ ಭಾಷೆಯಲ್ಲಿ
ಮೌನಕ್ಕೆ ಹತ್ತಿರದ ಪದ.
ಅವಳು ಬರೆದದ್ದು ನಲವತ್ತು ಸಾಲು ಜಾವಾಸ್ಕ್ರಿಪ್ಟು:
ಹತ್ತು ನಿಮಿಷಕ್ಕೊಮ್ಮೆ ಸೆನ್ಸರಿನ ಸರ್ವರಿಗೆ
ಒಬ್ಬ ಆಳನ್ನು ಅಟ್ಟುವುದು,
ಮಂಜಿನ ದಪ್ಪ ಎಷ್ಟು, ಕೇಳಿಕೊಂಡು ಬಾ.
ಇಪ್ಪತ್ತೆರಡು ಸೆಂಟಿಮೀಟರು ದಾಟಿದ್ದರೆ
ದಡದ ಫಲಕದಲ್ಲಿ ಹಸಿರು.

ಆ ಆಳಿನ ಹೆಸರು ಫೆಚ್.
ಬಲು ಪ್ರಾಮಾಣಿಕ, ಆದರೆ ಗಾದೆಯ ಪುಟ್ಟ:
ಹೋದ ಪುಟ್ಟ, ಬಂದ ಪುಟ್ಟ.
ದಾರಿಯೇ ಕಡಿದುಹೋದರೆ ಮಾತ್ರ ಅಳುತ್ತಾನೆ.
ಬಾಗಿಲು ತಟ್ಟಿದಾಗ ಒಳಗಿನವರು
‘ಈಗಾಗದು, ನಡಿ’ ಎಂದು ಗದರಿ ಕಳಿಸಿದರೂ
ನಗುತ್ತಲೇ ಮರಳುತ್ತಾನೆ:
ಹೋಗಿಬಂದೆ, ಉತ್ತರ ತಂದಿದ್ದೇನೆ.
ಉತ್ತರದ ಹಣೆಯ ಮೇಲೆ ಐನೂರ ಮೂರು.
ಹಣೆಬರಹ ಓದಬೇಕಾದವರು ನಾವು.

ವೈಕೆ ಓದಿರಲಿಲ್ಲ.
ನೇರ ಲಕೋಟೆ ಒಡೆದು ಸಂಖ್ಯೆ ಹುಡುಕಿದ್ದಳು;
ಒಳಗಿದ್ದದ್ದು ಕ್ಷಮಾಪಣೆಯ ಎಚ್‌ಟಿಎಂಎಲ್ಲು.
ಜೇಸನ್ ಎಂದು ಬಿಡಿಸಹೋಗಿ
ಮೊದಲ ಅಕ್ಷರಕ್ಕೇ ಎಡವಿ
ಪ್ರೋಗ್ರಾಮು ಬಿತ್ತು, ಕ್ಯಾಚಿನ ತೆಕ್ಕೆಗೆ.

ಕ್ಯಾಚಿನೊಳಗೆ ಏನಿತ್ತು?
ಎರಡು ಪುಷ್ಪಾವರಣ, ನಡುವೆ ಖಾಲಿ.
ಪೂರ್ತಿ ಖಾಲಿಯೂ ಅಲ್ಲ, ಒಂದು ಟಿಪ್ಪಣಿ:
‘ಆಮೇಲೆ ನೋಡೋಣ.’
ನವೆಂಬರಿನಲ್ಲಿ ಬರೆದದ್ದು. ಆಗ ಕಡಲು ನೀರಾಗಿತ್ತು.

ದೋಷ ಸದ್ದಿಲ್ಲದೆ ಜೀರ್ಣವಾಯಿತು.
ನಿನ್ನೆಯ ಇಪ್ಪತ್ತಾರು
ಇವತ್ತೂ ಹಸಿರಾಗಿಯೇ ನಿಂತಿತು.
ಮೌನಂ ಸಮ್ಮತಿ ಲಕ್ಷಣಂ ಅಂದವರು
ಮಂಜಿನ ಮೇಲೆ ನಡೆದಿರಲಿಕ್ಕಿಲ್ಲ.

ಊಲೋ ನಿಯಮದಂತೆ ಸೀಟುಬೆಲ್ಟು ಬಿಚ್ಚಿದ,
ಕಿಟಕಿ ಅರ್ಧ ಇಳಿಸಿದ.
ಒಂದೂವರೆ ಕಿಲೋಮೀಟರು ದಾಟಿದ ಮೇಲೆ
ಒಣ ಸದ್ದಿನ ಅಡಿಯಲ್ಲಿ
ಒಂದು ಒದ್ದೆ ಸದ್ದು.
ನಿಲ್ಲಿಸಲಿಲ್ಲ; ಅಲ್ಲಿ ನಿಲ್ಲಿಸಬಾರದು.
ದೊಡ್ಡದೊಂದು ಅರ್ಧವೃತ್ತ ಬರೆದು ತಿರುಗಿದ.
ಬೆನ್ನ ಹಿಂದೆ ನೂರಿಪ್ಪತ್ತು ರೈ ಬ್ರೆಡ್ಡು
ಒಂದರ ಮೇಲೊಂದು ಜಾರಿದವು.

ಹನ್ನೊಂದಕ್ಕೆ ಕಚೇರಿಯ ಮೆಟ್ಟಿಲು ಹತ್ತಿ ಬಂದ.
ಕೂಗಾಡಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.
‘ಮಗೂ, ನಿನ್ನ ಫಲಕ ಸುಳ್ಳು ಹೇಳಲಿಲ್ಲ.
ಗೊತ್ತಿಲ್ಲ ಅನ್ನಲು ನಾಚಿತು, ಅಷ್ಟೆ.
ನನ್ನಪ್ಪನೂ ಹಾಗೇ ಇದ್ದ.’
ಒಂದು ಬ್ರೆಡ್ಡು ಮೇಜಿನ ಮೇಲಿಟ್ಟು ಹೋದ.
ಅದರ ಮೂಲೆ ಜಜ್ಜಿತ್ತು.

ಅವತ್ತು ರಾತ್ರಿ ವೈಕೆ ಮನೆಗೆ ಹೋಗಲಿಲ್ಲ.

ಮೊದಲು ಹಣೆ ನೋಡು; ಸರಿಯಿಲ್ಲದಿದ್ದರೆ
ಪುಟ್ಟ ನಕ್ಕರೂ ನೀನೇ ದೋಷವೆಂದು ಎಸೆ.
ಎಂಟು ಸೆಕೆಂಡಿಗೆ ಬಾರದಿದ್ದರೆ ಕರೆ ಕಡಿ.
ಮತ್ತೆ ಕೇಳು, ಆದರೆ ಗಾಳಿಗೆ ಗುದ್ದಿ
ಮೈ ನೋಯಿಸಿಕೊಳ್ಳಬೇಡ:
ಎರಡು ಸೆಕೆಂಡು ಬಿಟ್ಟು, ನಾಲ್ಕು ಬಿಟ್ಟು, ಎಂಟು ಬಿಟ್ಟು;
ಬಸವಳಿದವರ ಬಾಗಿಲು ತಟ್ಟುವುದಕ್ಕೂ
ಒಂದು ರೀತಿಯಿದೆ.
ನಾನೂರ ನಾಲ್ಕಾದರೆ ಕೇಳಲೇಬೇಡ.
ಇಲ್ಲದ ಮನೆಗೆ ಎಷ್ಟು ಸಲ ಹೋದರೂ
ಅದು ಇಲ್ಲದ ಮನೆ.

ಕೊನೆಗೆ ಉಳಿದದ್ದು ಆ ಪುಷ್ಪಾವರಣ,
ನಡುವಿನ ಖಾಲಿ.
‘ತಾಂತ್ರಿಕ ದೋಷ’ ಎಂದು ಹೊಡೆದಳು, ಅಳಿಸಿದಳು.
‘ದಯವಿಟ್ಟು ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ’ —
ಏನನ್ನು? ಮುಳುಗುವುದನ್ನೇ?
ಅಳಿಸಿದಳು.
ಕರ್ಸರು ಮಿಟುಕುತ್ತಿತ್ತು,
ಗುರುವಿನೆದುರು ಉತ್ತರ ಬಾರದ ಹುಡುಗಿಯ ರೆಪ್ಪೆಯಂತೆ.

ದಡದಲ್ಲಿ ಹಸಿರು ಆರಿ ಹಳದಿ ಹೊತ್ತಿತು:
ನಮಗೆ ಗೊತ್ತಿಲ್ಲ.
ಕೊನೆಯ ಅಳತೆ ನಿನ್ನೆ ಸಂಜೆ ಆರಕ್ಕೆ.
ರಸ್ತೆ ಮುಚ್ಚಿದೆ.

ಐನೂರ ಮೂರು, ಐನೂರ ಮೂರು, ಐನೂರ ಮೂರು.
ಬೆಳಗಿನ ಜಾವ ನಾಲ್ಕಕ್ಕೆ
ಸೆನ್ಸರು ಎಚ್ಚೆತ್ತು ಹೇಳಿತು:
ಹದಿನೆಂಟು.

ವೈಕೆ ಆ ಸಂಖ್ಯೆಯನ್ನು ನೋಡುತ್ತ ಕೂತಳು.
ಹಸಿವಾದಾಗ ಬ್ರೆಡ್ಡು ಎಳೆದುಕೊಂಡು
ಜಜ್ಜಿದ ಮೂಲೆಯನ್ನೇ
ಮೊದಲು ಮುರಿದಳು.