ನಂಬರ್ ಹೊಡಿ

ಉದ್ಯಮಬಾಗದಲ್ಲಿ ನಮ್ಮ ಆಫೀಸು ಮೇಲೆ, ಕೆಳಗೆ ಫೌಂಡ್ರಿ.
ನನ್ನ ಕೀಬೋರ್ಡಿನ ಸಂದಿಯಲ್ಲಿ ಕಪ್ಪು ಮರಳು.
ಮರಳಿಗೆ ಕಾಕಂಬಿ ಕಲಸುತ್ತಾರೆ, ಅಂಟಲೆಂದು;
ಅದೂ ಬರುವುದು ಸಕ್ಕರೆ ಕಾರ್ಖಾನೆಗಳಿಂದಲೇ.
ಆ ಸೀದ ಸಿಹಿಯ ವಾಸನೆಯಲ್ಲಿ ಕೂತು
ಕಬ್ಬು ತೂಗುವ ಕಾಟಾಗಳಿಗೆ
ಕಾಣದ ಮನೆ ಕಟ್ಟುತ್ತೇನೆ:
ಇಂತಿಷ್ಟು ಸರ್ವರು, ಇಂತಿಷ್ಟು ಗೋಡೆ,
ಒಳಬರಲು ಇದೊಂದೇ ಬಾಗಿಲು.
ಬರೆದದ್ದೇ ಕಟ್ಟಡ. ಇಟ್ಟಿಗೆ ಇಲ್ಲ.

ಮೊದಲನೆಯದು ರಾಯಬಾಗದ ಕಡೆಯ ಕಾರ್ಖಾನೆ.
ಮುನ್ನೂರು ಸಾಲು, ಒಂದೊಂದನ್ನೂ ಬೆರಳಿಟ್ಟು ಓದಿ ಬರೆದೆ.
ಎರಡನೆಯದಕ್ಕೆ ಅದನ್ನೇ ನಕಲು ಮಾಡಿ ಹೆಸರು ಬದಲಿಸಿದೆ.
ಮೂರನೆಯದಕ್ಕೆ ಎರಡನೆಯದರ ನಕಲು.
ಏಳನೆಯದರ ಹೊತ್ತಿಗೆ
ಗೋಕಾಕದ ಕಾಟಾ ಅಥಣಿಯ ಹೆಸರಿನಲ್ಲಿ ತೂಗುತ್ತಿತ್ತು,
ಒಂದು ತಪ್ಪು ಕಾಗುಣಿತ
ಏಳೂ ಊರಲ್ಲಿ ಮರ್ಯಾದೆಯಿಂದ ಬಾಳುತ್ತಿತ್ತು.

ಕೆಳಗೆ ನಿರ್ವಾಣಪ್ಪ ಬಡಿಗೇರರು ಪಂಪಿನ ಪ್ಯಾಟರ್ನ್ ಮಾಡುತ್ತಾರೆ,
ಸಾಗವಾನಿ ಕೆತ್ತಿ, ಉಜ್ಜಿ, ಅರಗು ಬಳಿದು.
ಅದನ್ನು ಮರಳಲ್ಲಿ ಒತ್ತಿ, ಎತ್ತಿ,
ಉಳಿದ ಖಾಲಿಯೊಳಗೆ ಕಬ್ಬಿಣ ಸುರಿದು
ಆರಿದ ಮೇಲೆ ಮರಳು ಒಡೆಯುತ್ತಾರೆ. ಪ್ರತಿ ಸಲವೂ.
ಮರ ಮಾತ್ರ ಮೊಳೆಗೆ ಮರಳಿ ಜೋತುಬೀಳುತ್ತದೆ.
ಅವರ ಅಳತೆಪಟ್ಟಿಯ ಅಡಿ
ಅಂಗಡಿಯ ಅಡಿಗಿಂತ ತುಸು ಉದ್ದ.
"ಕಬ್ಬಿಣ ಆರಿದ ಮ್ಯಾಲೆ ಸಣ್ಣದಾಗತೈತವಾ,
ಆ ಕುಗ್ಗು ಮೊದಲ ಲೆಕ್ಕದಾಗ ಹಿಡೀಬೇಕು."

ರಾಯಬಾಗದ್ದನ್ನು ಮುಟ್ಟಲು ಮನಸ್ಸಾಗಲಿಲ್ಲ.
ಉಳಿದ ಆರನ್ನೂ ಅಳಿಸಿ ಒಂದು ಮಾಡ್ಯೂಲ್ ಬರೆದೆ.
ಹೆಸರು ಖಾಲಿ, ಊರು ಖಾಲಿ, ಕಾಟಾ ಎಷ್ಟು ಎಂಬಲ್ಲಿ ಖಾಲಿ.
ತುಂಬಿದವರಿಗೆ ಮನೆ.
ರೇಷ್ಮಾ ಸನದಿ ಹೊಸದಾಗಿ ಬಂದ ರಾಮದುರ್ಗವನ್ನು
ಹನ್ನೊಂದು ಸಾಲಲ್ಲಿ ಮುಗಿಸಿ
ಮೂರೂವರೆಗೇ ಚುರಮುರಿ ತಿನ್ನಲು ಹೋದಳು.

ಆಮೇಲೆ ಡಿಸೆಂಬರ್. ಹಂಗಾಮು ಭರ್ತಿ.
ಕಾಗವಾಡದವರು ಕೇಳಿದರೆಂದು
ಮಾಡ್ಯೂಲಿನಲ್ಲಿ, ಬಾಗಿಲು ಯಾರಿಗೆ ಎಂಬಲ್ಲಿ,
ಒಂದು ಪದ ಬದಲಿಸಿದೆ. ಒಂದೇ ಪದ.
ಕಾಗವಾಡಕ್ಕೆ ಚೆನ್ನಾಗಿ ಹೊಂದಿತು.
ಉಳಿದವೆಲ್ಲ "ಈಗಿನದು ಕೊಡು" ಎಂದೇ ಬರೆದಿದ್ದವು, ನಾನೇ ಬರೆಸಿದ್ದು;
ರಾತ್ರಿ ಎರಡಕ್ಕೆ, ದಿನದ ರೂಢಿಯಂತೆ ಎದ್ದು
ಈಗಿನದನ್ನು ಇಸಿದುಕೊಂಡು
ತಮ್ಮ ಬಾಗಿಲು ತಾವೇ ಜಡಿದುಕೊಂಡವು.
ಆರು ಊರಿನ ಕಾಟಾ ಸೊನ್ನೆಗೆ ನಿಂತಿತು.
ಅಥಣಿಯ ಕಾಟಾದ ಹುಡುಗ ಫೋನನ್ನು ಕಿಟಕಿಗೆ ಹಿಡಿದ:
ಟ್ರ್ಯಾಕ್ಟರುಗಳ ಸಾಲು, ಹತ್ತು ಥರದ ಹಾಡು,
ಯಾರೋ ನನ್ನ ಹೆಸರು ಗೊತ್ತಿಲ್ಲದೆ
ನನ್ನನ್ನೇ ಬೈಯುತ್ತಿದ್ದ.
"ಮೇಡಂ, ಕಬ್ಬು ಒಣಗಿದ್ರ ತೂಕ ಹೋಗತೈತ್ರಿ.
ಅದನ್ನ ಯಾರ ತುಂಬಿ ಕೊಡ್ತಾರ?"

ಕುಗ್ಗು.
ನಾನು ಲೆಕ್ಕದಲ್ಲಿ ಹಿಡಿದಿರಲಿಲ್ಲ.

ನಾಲ್ಕೂ ಹತ್ತಕ್ಕೆ ಎಲ್ಲ ತೆರೆದವು. ಆರಕ್ಕೆ ಕೆಳಗಿಳಿದೆ.
ನಿರ್ವಾಣಪ್ಪ ಚಹಾ ಆರಲು ಬಿಟ್ಟು ಪೂರ್ತಿ ಕೇಳಿದರು,
ಎದ್ದು ಮೊಳೆಯಿಂದ ಮೂರು ಪ್ಯಾಟರ್ನ್ ಇಳಿಸಿ ಬೋರಲು ಹಾಕಿದರು.
ಹೊಟ್ಟೆಯಡಿಯಲ್ಲಿ ಉಳಿಯ ಗುರುತು: ೧, ೨, ೩.
"ಗಿರಾಕಿ ದಪ್ಪ ಬೇಕಂದ್ರ ಹಳೇದಕ್ಕ ಕೈ ಹಚ್ಚಬ್ಯಾಡ.
ಹೊಸಾದ ಮಾಡು, ನಂಬರ್ ಹೊಡಿ.
ಹಳೇದ ಬೇಕನ್ನಾಂವ ಬಂದ ಬರ್ತಾನ."
ಮೂಲೆಯಲ್ಲಿ ಇನ್ನೊಂದಿತ್ತು, ಧೂಳು ಹಿಡಿದು,
ಸುತ್ತ ಬಿಡಿ ತುಂಡುಗಳ ಗೊಂಚಲು.
"ಅದಾ? ನನ್ನ ಹರೇದ ಹುಚ್ಚು.
ಒಂದ ಅಚ್ಚಿನಾಗ ಎಲ್ಲಾ ಪಂಪು ಬರಲಿ ಅಂತ
ಹತ್ತೊಂಬತ್ತು ತುಂಡು ಮಾಡಿದ್ದೆ.
ಕಡೀಕ ಜೋಡಸೂದು ನನಗ ತಿಳೀಲಿಲ್ಲ."

ಈಗ ಪ್ರತಿ ಊರೂ ನಂಬರ್ ಹೇಳಿಯೇ ಕರೆಯುತ್ತದೆ.
ಕಾಗವಾಡ ಮೂರು. ಅಥಣಿ ಎರಡು;
ಹಂಗಾಮು ಮುಗಿಯುವತನಕ ಜಪ್ಪಯ್ಯ ಅಂದರೂ ಏಳುವುದಿಲ್ಲವಂತೆ.
ರಾಯಬಾಗದ ಮುನ್ನೂರು ಸಾಲು ಅಚ್ಚಿಗೆ ಸೇರದೆ ಹಾಗೇ ಇದೆ.
ಆ ರಾತ್ರಿ, ಕಾಗವಾಡ ಬಿಟ್ಟರೆ, ಅದೊಂದೇ ತೂಗುತ್ತಿತ್ತು.
ಅದಕ್ಕೇ ಅದು ಸರಿ ಎನ್ನಲಾರೆ.
ಸೇರಿಸಬೇಕೆಂದು ಮೂರು ಸಲ ತೆರೆದೆ;
ಮೊದಲ ಪುಟದಲ್ಲೇ ನನ್ನ ಆ ತಪ್ಪು ಕಾಗುಣಿತ ಕಂಡು
ಮುಚ್ಚಿದೆ.