ದಾಸವಾಳ ಸವರುವವಳು

ಚಾಕುವಿಗೆ ದಾಸವಾಳ ಸವರುವ ಕೆಲಸ ನನ್ನದು.
ಹನ್ನೊಂದು ವರ್ಷದಿಂದ ನನ್ನದೇ.
ಮಂಡ್ಯದ ಗುತ್ತಲು ರಸ್ತೆಯಲ್ಲಿ ಸೈಕಲ್ ಶಾಪಿನ ಮೇಲೆ
ವಿಚಾರ ವೇದಿಕೆಯ ಒಂಟಿ ಕೋಣೆ.
ಕಬ್ಬರೆಯುವ ಕಾಲಕ್ಕೆ ಕಿಟಕಿ ತೆರೆದರೆ
ಕಾಕಂಬಿಯ ವಾಸನೆ ಕುರ್ಚಿಗೂ ಅಂಟುತ್ತದೆ.
ಅಲ್ಲಿ ಕೂತು ಎಸಳು ಅರೆದು, ಅಲಗಿಗೆ ಬಳಿದು,
ನೆರಳಲ್ಲಿ ಒಣಗಿಸಿ, ಕಾಗದ ಸುತ್ತಿ ಕೊಡುತ್ತೇನೆ.
ಊರೂರಿನಲ್ಲಿ ಶಿವನಂಜು ಮೇಷ್ಟ್ರು
ಅದರಲ್ಲಿ ನಿಂಬೆಹಣ್ಣು ಕೊಯ್ಯುತ್ತಾರೆ.
ರಕ್ತ!
ಸಭೆ ಉಸಿರು ಹಿಡಿಯುತ್ತದೆ.
ಆಮೇಲೆ ನಗುತ್ತ ಗುಟ್ಟು ಬಿಚ್ಚುತ್ತಾರೆ:
"ಮಾಟ ಅಲ್ಲ, ಮಂತ್ರ ಅಲ್ಲ, ಹುಳಿಗೆ ಹೂವು ಕೆಂಪಾಯ್ತು, ಅಷ್ಟೆ."
ಹೂವಿನ ಹೆಸರು ಹೇಳುತ್ತಾರೆ.
ಅರೆದವಳ ಹೆಸರು ಯಾರೂ ಕೇಳುವುದಿಲ್ಲ.

ಸುಳ್ಳು ಹೇಳಬಾರದು, ಈ ಜನಕ್ಕೆ ನಾನು ಋಣಿ.
ನನ್ನ ಗಂಡನ ತಿಥಿಯ ದಿನ
ಬಳೆ ಒಡೆಯಲು ಬಂದ ಓರಗಿತ್ತಿಯರ ಎದುರು
ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತವರು ಇದೇ ಮೇಷ್ಟ್ರು.
ಸಂಜೆವರೆಗೂ ಕೂತಿದ್ದರು, ಒಂದು ಲೋಟ ನೀರೂ ಕೇಳದೆ.
ನನ್ನ ಕೈಯ ಹಸಿರು ಬಳೆ ಇವತ್ತೂ ಸದ್ದು ಮಾಡುವುದು
ಆ ಕುರ್ಚಿಯ ದೆಸೆಯಿಂದ.

ಅದಕ್ಕೇ ಇಂಚರ ಬಂದು,
ಮಳವಳ್ಳಿ ಶಿಬಿರದಿಂದ ರಾತ್ರಿ ವ್ಯಾನಿನಲ್ಲಿ ಬರುವಾಗ
ಖಜಾಂಚಿಯ ಕೈ ಎಲ್ಲೆಲ್ಲಿಗೆ ಬಂತು ಅಂತ ಹೇಳಿದಾಗ
ನಾನೇ ಅಂದೆ:
ಮೇಷ್ಟ್ರಿಗೆ ಹೇಳು ಮಗ, ಅವರು ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಕೂತರು. ಮೇಜಿನ ಆ ಕಡೆ.
"ಸಾಕ್ಷಿ ಏನಿದೆಯಮ್ಮ?"
ದೆವ್ವ ಕಂಡೆ ಅಂತ ಬಂದವರನ್ನು ಕೇಳುವ ಅದೇ ದನಿ,
ಕನ್ನಡಕ ಒರೆಸುವ ಅದೇ ತಾಳ್ಮೆ.
"ಒಬ್ಬರ ಅನುಭವ ಪುರಾವೆ ಆಗಲ್ಲ.
ಹಂಗಂದ್ರೆ ಮೈಮೇಲೆ ಮಾರಮ್ಮ ಬಂದ್ಲು ಅನ್ನೋರ್ನೂ ನಂಬ್ಬೇಕಾಗುತ್ತೆ."
ಯಾರೋ ನಕ್ಕರು.
ಇನ್ಯಾರೋ ಎದ್ದು
ಬೆತ್ತಲೆ ಸೇವೆ, ಮುತ್ತು ಕಟ್ಟುವುದು,
ಮುಟ್ಟಾದವಳನ್ನು ಊರಾಚೆ ಕೂರಿಸುವುದು, ಎಲ್ಲ ಎಣಿಸಿ
"ಅದರ ಮುಂದೆ ಇದೊಂದು ದೊಡ್ಡದಾ ತಾಯಿ?" ಅಂದ.
ತಕ್ಕಡಿ ಅವನ ಜೇಬಿನಲ್ಲೇ ಇತ್ತು.
"ಹೊರಗೆ ಗೊತ್ತಾದರೆ ಪೂಜಾರಿಗಳಿಗೆ ಹಬ್ಬ,"
ಅಂದವನು ಖಜಾಂಚಿ. ತುಂಬಾ ನೊಂದವನ ಹಾಗೆ.

ನಾನು?
ಟೀ ಬಗ್ಗಿಸುತ್ತಿದ್ದೆ.
ಒಂಬತ್ತು ಲೋಟ. ಅವನದಕ್ಕೂ ಸಕ್ಕರೆ ಹಾಕಿದೆ.

ಇಂಚರ ಮೆಟ್ಟಿಲಿಳಿಯುತ್ತ ಒಂದೇ ಮಾತು ಅಂದಳು:
"ದೇವರನ್ನ ಬಿಟ್ಟಾಗ ಇಷ್ಟು ಕಷ್ಟ ಆಗಿರಲಿಲ್ಲ ಅಕ್ಕ."

ಸ್ವರ್ಣಸಂದ್ರದ ಹೆಂಗಸರ ಸಂಘಕ್ಕೆ ಹೋದೆ.
ಶುಕ್ರವಾರ. ಕಳಸಕ್ಕೆ ಮಲ್ಲಿಗೆ ಮುಡಿಸುತ್ತಿದ್ದರು.
ಕೇಳಿ ಕಣ್ಣೀರು ಹಾಕಿದರು, ನಿಜವಾದ ಕಣ್ಣೀರು.
"ದೇವರಿಲ್ಲದವರ ಜೊತೆ ಓಡಾಡಿದ್ರೆ ಇನ್ನೇನಾಗುತ್ತೆ?" ಅಂದರು.
ಹೊರಡುವಾಗ ಎಲ್ಲರಿಗೂ ಕುಂಕುಮ ಕೊಡುತ್ತ ಬಂದ ಬಟ್ಟಲು
ನನ್ನ ಮುಂದೆ ಒಂದು ಗಳಿಗೆ ನಿಂತು
ಪಕ್ಕದವಳಿಗೆ ಹೋಯಿತು.
ನನಗೆ ಅದು ಬೇಕಿರಲಿಲ್ಲ.
ಆದರೂ ಆ ಒಂದು ಗಳಿಗೆ
ಇನ್ನೂ ಹಣೆಯ ಮೇಲಿದೆ.

ಬಸರಾಳಿನ ಶಾಲೆ ಅಂಗಳ, ಭಾನುವಾರ.
ಹೂವು ಅರೆಯಲಿಲ್ಲ.
ಚಾಕು ತೊಳೆದು, ಒರೆಸಿ,
ಎಂದಿನಂತೆ ಕಾಗದ ಸುತ್ತಿ ಕೊಟ್ಟೆ.
ಮೇಷ್ಟ್ರು ಕೊಯ್ದರು.
ನಿಂಬೆಹಣ್ಣು ನಿಂಬೆಹಣ್ಣಿನ ಹಾಗೇ ತೊಟ್ಟಿಕ್ಕಿತು.
ಇನ್ನೊಂದು ಕೊಯ್ದರು.
ಮತ್ತೊಂದು.
ಹುಡುಗರು ಕೇಕೆ ಹಾಕಿದವು.
ಮುಂದಿನ ಚಾಪೆಯಲ್ಲಿದ್ದ ಮುದುಕಿಯೊಬ್ಬಳು
ನಡುಗುವ ಕೈ ಎತ್ತಿ ಮುಗಿದಳು:
"ನೋಡ್ರಪ್ಪಾ, ಅವ್ವ ಮುನ್ಸ್ಕೊಂಡವ್ಳೆ."
ಅವಳ ಹಿಂದೆ ಒಂದು ಜೋಡಿ ಕೈ, ಅದರ ಹಿಂದೆ ಇನ್ನೊಂದು,
ಹನ್ನೊಂದು ವರ್ಷ ಬಿಡಿಸಿದ ಕೈಗಳೆಲ್ಲ
ಕಣ್ಣೆದುರೇ ಮತ್ತೆ ಜೋಡಿಕೊಂಡವು.

ಮೇಷ್ಟ್ರು ತಿರುಗಿ ನೋಡಿದರು.
ಸಭೆಯೆದುರು ನನ್ನನ್ನು ನೋಡಿದ್ದು ಅದೇ ಮೊದಲು.
ಎದ್ದೆ. ಬಳೆ ಸದ್ದಾಯಿತು.

ಕೈ ಇಳಿಸಜ್ಜಿ.
ಅವ್ವ ಅಲ್ಲ.
ಮುನ್ಸ್ಕೊಂಡಿರೋಳು ನಾನು.