ಸೊನ್ನಿ ಹಿಡಿಯಾಂವ

ಟೇಪಿನ ಆ ತುದಿ ಸಾಹೇಬರದು,
ಅಂಕಿ ಓದೋದು ಅವರ ಕೆಲಸ.
ಈ ತುದಿ ನಂದು. ಸೊನ್ನಿ.
ಹತ್ತೊಂಬತ್ತು ವರ್ಷ ನಗರಸಭಾದಾಗ
ಸೊನ್ನಿ ಹಿಡಿದೇ ಪಗಾರ ತಗೊಂಡೀನಿ.

ಸೊನ್ನಿ ಹಿಡಿಯಾಕ ಮಣಕಾಲೂರಬೇಕು.
ಅದಕ ಬೆಟಗೇರಿ ನನಗ
ಮಣಕಾಲೆತ್ತರದಾಗ ಗೊತ್ತು:
ಯಾವ ಮೆಟ್ಲು ಕುಂತು ಕುಂತು ನುಣ್ಣಗಾಗೇತಿ,
ಯಾವ ಗ್ವಾಡಿಗೆ ತಲಿ ಆನಿಸಿದ ಎಣ್ಣಿಗಲಿ ಐತಿ,
ಎಲ್ಲಿ ಮಂದಿ ನಿಂತಾರ,
ಎಲ್ಲಿ ಬರೇ ಹಾದು ಹೋಗ್ಯಾರ.
ನಕಾಶೆಕ್ಕ ಇದ್ಯಾವುದೂ ಹತ್ತಂಗಿಲ್ಲ.

ಆವತ್ತು ಮಗ್ಗದ ಓಣಿ.
ರಸ್ತಾ ಹದಿನೆಂಟು ಫೂಟು ಇರಬೇಕು, ಕಾರು ಹೋಗಬೇಕು,
ಮ್ಯಾಲಿಂದ ಕಾಗದ ಬಂದಿತ್ತು.
ಓಣಿಗೆಲ್ಲಾ ಕಾರಿದ್ದಾಂವ ಒಬ್ಬನೇ.
ಅವನೂ ಅದನ್ನ ಬಸ್ ಸ್ಟ್ಯಾಂಡಿನ ಬಾಜೂಕ ನಿಲ್ಲಿಸಿ
ನಡಕೋತ ಬರ್ತಾನ,
ಹತ್ತು ಮಿನೀಟಿನ ಹಾದಿಗೆ ಮುಕ್ಕಾಲು ತಾಸು,
ಮನಿಗೊಂದು ಮಾತು.

ಅಡ್ಡ ಬಂದದ್ದು ಒಂದು ಕಟ್ಟಿ.
ಗಿಡದ ಕಟ್ಟಿ ಅಲ್ಲ, ದೇವರ ಕಟ್ಟಿ ಅಲ್ಲ,
ಹೇಳಿಕೊಳ್ಳೂವಂಥಾ ಕಥಿ ಏನಿಲ್ಲ ಅದಕ.
ಗ್ವಾಡಿಗುಂಟ ಹಾಸಿದ ಕಡಪಾ ಕಲ್ಲು,
ಎತ್ತರ ಹದಿನಾಕು ಇಂಚು, ಅಗಲ ಒಂದು ಮೊಳ.
ಯಾರು ಹಾಸಿದ್ರೋ, ದಾಖಲೆ ಇಲ್ಲ.

ನಳ ಬರೂ ಮುಂಚೆ ಅದರ ಮ್ಯಾಲ ಕೊಡಗಳು ಕುಂದರ್ತಾವ,
ತಮ್ಮ ತಮ್ಮ ಮನಿಯವರ ಪರವಾಗಿ, ಸಾಲು ಹಿಡಿದು.
ಮಧ್ಯಾಹ್ನ ಕಲ್ಲು ಕಾಯ್ತೈತಿ, ನಾಯೀನೂ ಹತ್ತಂಗಿಲ್ಲ.
ಮೂರಕ್ಕ ಎದರಿನ ಮಾಳಿಗಿ ನೆರಳು ಇಳೀತೈತಿ.
ಕರೆಂಟ್ ಹೋಯ್ತಂದ್ರ
ಅಷ್ಟೂ ಪವರ್‌ಲೂಮು ಒಮ್ಮೆಲೇ ಬಾಯಿ ಮುಚ್ತಾವ,
ಬೈಕೋತ ಹೊರಗ ಬಂದ ಮಂದಿ
ಕರೆಂಟ್ ಬಂದ ಮ್ಯಾಲೂ ಏಳಂಗಿಲ್ಲ.

ಚಂಪವ್ವ ಬುದ್ನಿ ಕಂಡಿಕಿ ಬುಟ್ಟಿ ಇಟ್ಕೊಂಡು ಕುಂತಿದ್ಲು.
ಏಳವ್ವಾ, ಅಳತಿ ಮಾಡಬೇಕು, ಅಂದೆ.
ನನ್ನೂ ಸೇರ್ಸಿ ಅಳಿ, ಅಂದ್ಲು.
ದಿನಾ ಮೂರು ತಾಸು ಇಲ್ಲೇ ಇರ್ತೀನಿ,
ಕಲ್ಲಿಗಿಂತ ಏನು ಕಡಿಮಿ?

ಸಾಹೇಬರು ಕೆಟ್ಟವರಲ್ಲ. ಇನ್ನೂ ಲಗ್ನಾನೂ ಆಗಿಲ್ಲ.
ಸ್ಟೇಶನ್ ರೋಡಿಗೆ ಬೆಂಚ್ ಹಾಕಸ್ತೀವಿ ಅಜ್ಜಿ,
ಚಲೋ ಬೆಂಚು, ಸಿಮೆಂಟಿನ್ವು, ಅಂದ್ರು.
ಅಕಿ ದಾರ ಹರಿದು, ತುದಿ ಹಲ್ಲಿಗೆ ಕಚ್ಚಿ,
ಅಲ್ಲಿ ಕುಂತು ಯಾರನ್ನ ನೋಡ್ಲಿ?

ಸಾಹೇಬರು ಟೇಪ್ ಎಳೀತ ಕಟ್ಟಿ ಅಂಚಿಗೆ ಹೋದ್ರು.
ಸೊನ್ನಿ ಹಿಡೀ, ಅಂದ್ರು.
ಹಿಡಿದೆ.
ಎದರಿನ ಗ್ವಾಡಿಗೆ ಹಚ್ಚಿ ಹಿಡೀಬೇಕಿತ್ತು.
ಬಾಗಲಾ ತೆರೆದಿತ್ತು.
ಹೊಸ್ತಲಾ ದಾಟಿ ಒಂದು ಮೊಳ ಒಳಗ
ಕೈ ತಾನಾಗೇ ಹೋಯ್ತು, ಟೇಪು ಹಿಡಕೊಂಡೇ.
ಒಳಗ ಮಗ್ಗದ ಮುಂದಿದ್ದ ಮಾಬುಸಾಬ ನದಾಫ
ಮನಿಗೆ ಬಂದಾರಂತ ತಿಳಿದು
ಚಾ ತಗೋತೀರೇನ್ರಿ, ಅಂದ.

ಹದಿನೆಂಟು ಫೂಟಿನ ಆಚೆ ಇರೂ ಮನಷ್ಯಾ
ಕಾಣದಷ್ಟು ಸಾಹೇಬರ ಕಣ್ಣು ಮಂದ ಇರಲಿಲ್ಲ.
ನನ್ನ ನೋಡಿದ್ರು. ಹೊಸ್ತಲಾ ನೋಡಿದ್ರು.
ಪೆನ್ಸಿಲ್ ಎತ್ತಿದಾಂವ ಹಂಗೇ ನಿಂತ.
ಬರಕೊಳ್ಳಾಕ ವಹಿ ಊರಲಿಕ್ಕೆ ಜಾಗ ಬೇಕಿತ್ತೋ ಏನೋ,
ಚಂಪವ್ವ ಬುಟ್ಟಿ ಸರಿಸಿದ್ಲು.
ಕುಂತು ಬರದ್ರು: ಹದಿನೆಂಟು.

ಆಮ್ಯಾಲ ಇಬ್ಬರೂ ಅದರ ಮಾತು ಎತ್ತಿಲ್ಲ.
ಸಾಹೇಬರಿಗೆ ವರ್ಗಾ ಆತು, ಹಾವೇರಿ ಕಡೆ.
ನಗರಸಭಾದ ಕಪಾಟಿನಾಗ
ಬೆಟಗೇರಿ ಇದ್ದದ್ದಕ್ಕಿಂತ ಒಂದು ಮೊಳ ಅಗಲ ಐತಿ.
ಅದು ತಪ್ಪು. ತಪ್ಪಂತ ನನಗ ಗೊತ್ತೈತಿ.
ನಾಳೆ ಆಂಬ್ಯುಲೆನ್ಸ್ ಸಿಕ್ಕೊಂಡ್ರ ಯಾರು ಜವಾಬ್ದಾರ
ಅಂತ ಕೆಲವು ರಾತ್ರಿ ಎಚ್ಚರಾಗ್ತೈತಿ.

ಮೊನ್ನೆ ಐತವಾರ ಸುಮ್ಮನ ಆ ಕಡೆ ಹೋಗಿದ್ದೆ,
ಟೇಪ್ ಇಲ್ಲ, ಖಾಕಿ ಅಂಗಿ ಇಲ್ಲ.
ಗುರುತು ಹಿಡೀದ ಒಬ್ಬ ಹುಡುಗಿ ಕೇಳಿದ್ಲು,
ಯಾರ ಮನಿ ಹುಡುಕಾಕತ್ತೀರಿ?
ಯಾರದೂ ಇಲ್ಲ, ಅಂದೆ.
ಹಂಗಾರ ಕುಂದರ್ರಿ, ಅಂದ್ಲು,
ಕೊಡಾ ಒಂದು ಆಚೆ ದೂಡಿ.